ಆನೆ ಹೆಂಗೆ ನಡೀಬೇಕು? ಚೆಸ್ ವೇರಿಯಂಟ್‌ಗಳಲ್ಲಿರೋ ಪ್ರಾಣಿ ಕಾಯಿಗಳ ಬಗ್ಗೆ ಕೇಳೋದಿತ್ತು

ಬೆಳ್ಳಿಚುಕ್ಕಿ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಒಂಬತ್ತು ವರ್ಷ, ಚೆಸ್ ಚೆನ್ನಾಗೇ ಆಡ್ತಾಳೆ, ಈಗ ಅವಳಿಗೆ ಬೋರ್ಡ್ ಮೇಲೆ ಇನ್ನೂ ಪ್ರಾಣಿಗಳು ಬೇಕಂತೆ. ಅದಕ್ಕೆ ರಟ್ಟಲ್ಲಿ ಹತ್ತು ಇಂಟು ಹತ್ತು ಮನೆ ಬೋರ್ಡ್ ಮಾಡಿದೀನಿ, ಕಾಯಿಗಳನ್ನ ಜೇಡಿಮಣ್ಣಲ್ಲಿ ಮಾಡ್ತಿದೀನಿ. ತೊಂದ್ರೆ ಶುರುವಾಗಿದ್ದೇ ಆನೆಯಿಂದ. ನಾವು ಮೂಲೇಲಿರೋ ಕಾಯಿಗೆ ಆನೆ ಅಂತೀವಿ, ಓರೆ ಹೋಗೋದಕ್ಕೆ ಒಂಟೆ ಅಂತೀವಿ, ಇಷ್ಟು ದಿನ ಅದರ ಬಗ್ಗೆ ಯೋಚ್ನೆ ಮಾಡಿರ್ಲೇ ಇಲ್ಲ. ಅವಳು ಕೇಳಿದ್ಲು, ಕುದುರೆ ಹಾರುತ್ತೆ ಸರಿ, ಆದ್ರೆ ಆನೆ ಯಾಕೆ ಒಂದೇ ಓಟದಲ್ಲಿ ಬೋರ್ಡ್ ಆ ಕಡೆ ತನಕ ಹೋಗುತ್ತೆ, ಒಂಟೆ ಯಾಕೆ ಓರೆ ಓರೆ ಓಡುತ್ತೆ, ನಿಜವಾದ ಒಂಟೆ ಹಂಗೆ ಹೋಗಲ್ವಲ್ಲ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಹುಡುಕಿದ್ರೆ ಒಂದೊಂದು ಆಟದಲ್ಲಿ ಆನೆ ಒಂದೊಂದು ಥರ. ಯಾವ ಆನೆ ತಗೊಳ್ಲಿ? ಬೇರೆ ಯಾವ ಪ್ರಾಣಿ ಹಾಕ್ಬಹುದು? ನನಗೆ ಬೇಕಾಗಿರೋದು ಇಷ್ಟೆ, ಪ್ರಾಣಿ ನೋಡಿದ ತಕ್ಷಣ ಅದರ ನಡೆ ನೆನಪಾಗ್ಬೇಕು.

ಓರೆನಡೆ
ಒಳ್ಳೆ ಪ್ರಶ್ನೆ. ಮೊದಲು ಒಂದು ವಿಷಯ, ಮೂಲ ಚತುರಂಗದಲ್ಲಿ ಮೂಲೇಲಿ ಇದ್ದಿದ್ದು ರಥ. ಆನೆ ನಿಂತಿದ್ದು ಈಗ ನಾವು ಒಂಟೆ ಅನ್ನೋ ಕಾಯಿ ಜಾಗದಲ್ಲಿ. ಪರ್ಷಿಯಾಗೆ ಹೋದಾಗ ಪೀಲ್, ಅರಬ್ಬರ ಹತ್ರ ಅಲ್ ಫೀಲ್, ಅದರಿಂದ ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಆ ಕಾಯಿ ಹೆಸರು ಅಲ್ಫಿಲ್. ರಷ್ಯನ್ನರು ಅದೇ ಕಾಯಿಗೆ ಸ್ಲೋನ್ ಅಂತಾರೆ, ಅಂದ್ರೆ ಆನೆ ಅಂತಾನೇ ಅರ್ಥ. ನಮ್ಮ ಭಾಷೇಲಿ ಆನೆ ಮೂಲೆಗೆ ಹೋಗಿ ಕೂತ್ಕೊಂಡಿದೆ.

ತಡರಾತ್ರಿ_ಆಟ
ಹೌದು ಹೌದು ಇದು ನಂಗೆ ಅನುಭವ ಆಗಿದೆ! ಆನ್‌ಲೈನ್‌ನಲ್ಲಿ ಒಬ್ಬರು ರಷ್ಯನ್ ಜೊತೆ ಆಟ ಮುಗಿಸಿ ಚಾಟ್ ಮಾಡ್ತಾ ಅವರು ನಿನ್ನ ಆನೆ ತುಂಬಾ ಚೆನ್ನಾಗಿತ್ತು ಅಂದ್ರು, ನಾನು ಆ ಆಟದಲ್ಲಿ ಹತ್ತನೇ ನಡೆಗೇ ಒಂದು ಆನೆ ಕಳ್ಕೊಂಡಿದ್ದೆ, ಇನ್ನೊಂದು ಮೂಲೆ ಬಿಟ್ಟು ಕದಲಿರ್ಲೇ ಇಲ್ಲ. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು ಅವರು ಹೇಳ್ತಿದ್ದಿದ್ದು ನನ್ನ ಒಂಟೆ ಬಗ್ಗೆ ಅಂತ.

ಮೂಲೆರಥ
ಹಳೇ ಶತ್ರಂಜ್ ಆನೆ ತಗೊಳ್ಳಿ, ಶತ್ರಂಜ್ ಅಂದ್ರೆ ಪರ್ಷಿಯನ್ನರು ಅರಬ್ಬರು ಆಡ್ತಿದ್ದ ಹಳೇ ಚೆಸ್. ಓರೆಯಾಗಿ ಸರಿಯಾಗಿ ಎರಡನೇ ಮನೆಗೆ ಜಿಗಿಯುತ್ತೆ, ಮಧ್ಯೆ ಯಾವ ಕಾಯಿ ಇದ್ರೂ ಲೆಕ್ಕಕ್ಕಿಲ್ಲ. ಮೂಲ ನಡೆ ಅದೇ, ಚರ್ಚೆ ಮುಗೀತು.

ಗಣಿತಮೇಷ್ಟ್ರು
@ಮೂಲೆರಥ ಮುಗಿಯಲ್ಲ ಸರ್. ಆ ಆನೆ 64 ಮನೇಲಿ ಬರೀ 8 ಮನೆ ಮುಟ್ಟುತ್ತೆ. ಎರಡೂ ಕಡೆ ಸೇರಿ ನಾಲ್ಕು ಆನೆ ಇದೆಯಲ್ಲ, ನಾಲ್ಕಕ್ಕೂ ಬೇರೆ ಬೇರೆ ಎಂಟೆಂಟು ಮನೆ. ಒಂದಾನೆ ಇನ್ನೊಂದಾನೆಯನ್ನ ಜೀವಮಾನದಲ್ಲಿ ಹೊಡೆಯಕ್ಕಾಗಲ್ಲ, ಕಾಪಾಡಕ್ಕೂ ಆಗಲ್ಲ. ಬೋರ್ಡ್ ಮೇಲೆ ಬರೆದು ನೋಡಿ, ನಾಲ್ಕು ಬಣ್ಣದ ಪೆನ್ಸಿಲ್ ತಗೊಂಡು ಒಂದೊಂದು ಆನೆ ಮುಟ್ಟೋ ಮನೆ ತುಂಬಿ, ಒಂದು ಬಣ್ಣ ಇನ್ನೊಂದರ ಮೇಲೆ ಬೀಳೋದೇ ಇಲ್ಲ, ಅರ್ಧ ಬೋರ್ಡ್ ಖಾಲಿ ಉಳಿಯುತ್ತೆ. ಚೆಂದ ಇದೆ, ಆದ್ರೆ ಒಂಬತ್ತು ವರ್ಷದ ಮಗುಗೆ ಕೊಟ್ರೆ ಎರಡು ಆಟಕ್ಕೆ ಬೇಜಾರಾಗುತ್ತೆ.

ಮೂಲೆರಥ
ಬೇಜಾರಾಗಲ್ಲ, ಸಾವಿರ ವರ್ಷ ಜನ ಅದನ್ನೇ ಆಡಿದಾರೆ.

ಗಣಿತಮೇಷ್ಟ್ರು
ಆಡಿದ್ರು, ಆಮೇಲೆ 15ನೇ ಶತಮಾನದ ಕೊನೇಲಿ ಯುರೋಪಲ್ಲಿ ಅದನ್ನ ತೆಗೆದು ಈಗಿನ ಉದ್ದನೆ ಓರೆ ನಡೆ ತಂದ್ರು. ಚೆನ್ನಾಗಿದ್ದಿದ್ರೆ ಯಾಕೆ ಬದಲಾಯಿಸ್ತಿದ್ರು?

ಸದ್ದಿಲ್ಲದಬೆಕ್ಕು
ಚೈನೀಸ್ ಚೆಸ್ ಶಿಯಾಂಗ್‌ಚಿಯಲ್ಲೂ ಆನೆ ಹಂಗೇ ಅಲ್ವಾ, ಓರೆ ಎರಡು ಮನೆ ಹಾರೋದು?

ನೀಲಿಕುದುರೆ
@ಸದ್ದಿಲ್ಲದಬೆಕ್ಕು ಅರ್ಧ ಸರಿ. ಓರೆ ಎರಡು ಹೋಗುತ್ತೆ, ಆದ್ರೆ ಹಾರಲ್ಲ. ಮಧ್ಯದ ಜಾಗದಲ್ಲಿ ಯಾವ ಕಾಯಿ ಕೂತ್ರೂ ದಾರಿ ಬಂದ್, ಅದಕ್ಕೆ ಅವರು ಆನೆ ಕಣ್ಣು ಮುಚ್ಚೋದು ಅಂತಾರೆ. ಜೊತೆಗೆ ಅದು ನದಿ ದಾಟಲ್ಲ. ಬೋರ್ಡ್ ಮಧ್ಯೆ ನದಿ ಇದೆ, ಆನೆ ಈ ದಡದಲ್ಲೇ ಇರ್ಬೇಕು, ಹಾಗಾಗಿ ಇಡೀ 90 ಜಾಗದಲ್ಲಿ ಅದಕ್ಕೆ ಸಿಗೋದು ಏಳೇ. ಪೂರ್ತಿ ಕಾವಲು ಕಾಯಿ ಅದು. ಆದ್ರೆ ಶತ್ರಂಜ್ ಆನೆ ಥರ ಒಂಟಿ ಅಲ್ಲ, ಒಂದೇ ಕಡೆಯ ಎರಡಾನೆ ಒಂದನ್ನೊಂದು ಕಾಯುತ್ತವೆ, ಮಧ್ಯದಲ್ಲಿ ನಿಂತ ಆನೆ ಮೇಲೆ ಸಾಮಾನ್ಯವಾಗಿ ಇನ್ನೊಂದರ ಕಣ್ಣು ಇರುತ್ತೆ. ಇನ್ನೊಂದು ಚಂದ ಅಂದ್ರೆ ಕೆಂಪು ಕಡೆಯವರ ಕಾಯಿ ಮೇಲೆ ಮಂತ್ರಿ ಅನ್ನೋ ಅರ್ಥದ ಅಕ್ಷರ, ಕಪ್ಪು ಕಡೆಯವರದ್ದರ ಮೇಲೆ ಆನೆ ಅನ್ನೋ ಅಕ್ಷರ, ಉಚ್ಚಾರಣೆ ಎರಡಕ್ಕೂ ಶಿಯಾಂಗ್.

ಓರೆನಡೆ
ಕುದುರೆ ಬಗ್ಗೇನೂ ಹೇಳಿ ಗುರು, ಅದಿನ್ನೂ ಚೆನ್ನಾಗಿದೆ.

ನೀಲಿಕುದುರೆ
ಅಲ್ಲಿನ ಕುದುರೆ ಮೊದಲು ಒಂದು ಮನೆ ನೇರ ಹೆಜ್ಜೆ ಇಡುತ್ತೆ, ಆಮೇಲೆ ಒಂದು ಓರೆ. ತಲುಪೋ ಜಾಗ ನಮ್ಮ ಕುದುರೆದೇ, ಆದ್ರೆ ಪಕ್ಕದ ನೇರ ಮನೇಲಿ ಯಾರಾದ್ರೂ ನಿಂತಿದ್ರೆ ಕುದುರೆ ಕಾಲಿಗೆ ಅಡ್ಡ. ಇದರಿಂದ ಏನಾಗುತ್ತೆ ಅಂದ್ರೆ ನಿಮ್ಮ ಕುದುರೆ ನನ್ನ ಕುದುರೆಯನ್ನ ಹೊಡೆಯೋ ಹಾಗಿರುತ್ತೆ, ಅದೇ ಹೊತ್ತಲ್ಲಿ ನನ್ನದು ನಿಮ್ಮದನ್ನ ಹೊಡೆಯಕ್ಕಾಗಲ್ಲ! ನಮ್ಮ ಚೆಸ್‌ನಲ್ಲಿ ಎರಡು ಕುದುರೆ ಎದುರುಬದುರಾದ್ರೆ ಯಾರ ಸರದಿಯೋ ಅವರು ಹೊಡೀತಾರೆ, ಅಲ್ಲಿ ಹಂಗಲ್ಲ. ಮೊದಲ ಸಲ ಆಡಿದಾಗ ಇದನ್ನ ಗಮನಿಸದೆ ಮೂರು ಆಟ ಸೋತಿದೀನಿ, ನಾಲ್ಕನೇದ್ರಲ್ಲಿ ಬೇಕಂತಲೇ ಎದುರಾಳಿ ಕುದುರೆ ಪಕ್ಕ ನನ್ನ ಸೈನಿಕನ್ನ ತಳ್ಳಿ ಅದರ ಕಾಲು ಕಟ್ಟಿದೆ, ಆ ಖುಷಿ ಬೇರೆನೇ.

ಕೊರಿಯಾದ ಜಾಂಗಿ ನೋಡಿದೀರಾ? ಅಲ್ಲಿ ನದಿ ಇಲ್ಲ, ಆನೆ ಆಚೆ ಕಡೆ ನುಗ್ಗುತ್ತೆ. ಒಂದು ಮನೆ ನೇರ, ಆಮೇಲೆ ಎರಡು ಮನೆ ಓರೆ. ದಾರೀಲಿ ಎಲ್ಲೇ ಕಾಯಿ ಇದ್ರೂ ನಿಂತುಬಿಡುತ್ತೆ.

ಗಣಿತಮೇಷ್ಟ್ರು
ಅದು ತಲುಪೋದು ಮೂರು-ಎರಡು ದೂರದ ಮನೆ, ಅಂದ್ರೆ ಒಂದು ಕಡೆಗೆ ಮೂರು ಮನೆ, ಅದಕ್ಕೆ ಅಡ್ಡಲಾಗಿ ಎರಡು. ಫೇರಿ ಚೆಸ್‌ನವರು, ಅಂದ್ರೆ ಹೊಸ ಹೊಸ ಕಾಯಿ ಹಾಕಿ ಆಡೋರು, ಅದೇ ದೂರಕ್ಕೆ ಹಾರೋ ಕಾಯಿಗೆ ಝೀಬ್ರಾ ಅಂತಾರೆ. ಒಂದೇ ಮನೆಗೆ ಹೋಗೋದು, ಒಬ್ಬರ ಹತ್ರ ಆನೆ, ಇನ್ನೊಬ್ಬರ ಹತ್ರ ಝೀಬ್ರಾ!

ಕಾಲಾಳು64
ಅಂದ್ರೆ ಹೆಸರಿಗೂ ನಡೆಗೂ ಸಂಬಂಧನೇ ಇಲ್ಲ ಅಂತಾಯ್ತು. ಹೆಸರು ಸುಮ್ನೆ ಗುರುತಿಗೆ. @ಬೆಳ್ಳಿಚುಕ್ಕಿ ನಿಮಗೆ ಇಷ್ಟ ಬಂದ ನಡೆ ಕೊಡಿ, ಮಗು ಎರಡು ದಿನದಲ್ಲಿ ಕಲ್ತ್ಕೊಳ್ಳುತ್ತೆ.

ಹಳೇಪುಟ
@ಕಾಲಾಳು64 ಇದನ್ನ ನಾನು ಒಪ್ಪಲ್ಲ, ಸ್ವಲ್ಪ ಉದ್ದ ಬರೀತೀನಿ ಕ್ಷಮಿಸಿ.

ಆನೆಗೆ ಮೂರನೇ ಒಂದು ಹಳೇ ನಡೆ ಇದೆ, ಅದನ್ನ ಯಾರೂ ಹೇಳಿಲ್ಲ. ಒಂದು ಮನೆ ಮುಂದಕ್ಕೆ, ಇಲ್ಲಾಂದ್ರೆ ನಾಲ್ಕು ಮೂಲೆಗಳಲ್ಲಿ ಯಾವ ಕಡೆಗಾದ್ರೂ ಒಂದು ಮನೆ. ಒಟ್ಟು ಐದು ದಿಕ್ಕು. 11ನೇ ಶತಮಾನದಲ್ಲಿ ಅಲ್ ಬಿರೂನಿ ಅನ್ನೋ ವಿದ್ವಾಂಸ ಭಾರತದಲ್ಲಿ ದಾಳ ಹಾಕಿ ನಾಲ್ಕು ಜನ ಆಡ್ತಿದ್ದ ಆಟದ ಬಗ್ಗೆ ಬರೀವಾಗ ಆನೆಗೆ ಇದೇ ನಡೆ ಹೇಳ್ತಾನೆ, ಮತ್ತೆ ಕಾರಣಾನೂ ಕೊಡ್ತಾನೆ, ನಾಲ್ಕು ಕಾಲು ಮತ್ತು ಸೊಂಡಿಲು! ನಾಲ್ಕು ಮೂಲೆ ನಾಲ್ಕು ಕಾಲು, ಮುಂದಿನ ಮನೆ ಸೊಂಡಿಲು. ಬರ್ಮಾದ ಸಿಟ್ಟುಯಿನ್ ಆಟದಲ್ಲಿ ಆನೆ ಇವತ್ತಿಗೂ ಹಿಂಗೇ ನಡೆಯುತ್ತೆ. ಥಾಯ್ ಮಕ್ರುಕ್‌ನಲ್ಲಿ ಖೋನ್ ಅನ್ನೋ ಕಾಯಿ, ಜಪಾನಿನ ಚೆಸ್ ಶೋಗಿಯಲ್ಲಿ ಬೆಳ್ಳಿ ಸೇನಾಪತಿ, ಇವೆಲ್ಲ ಅದೇ ನಡೆ, ಅಲ್ಲಿ ಆನೆ ಹೆಸರು ಹೋಗಿದೆ ಅಷ್ಟೆ.

ಚಿತ್ರಕವಿತ್ವ ಓದಿರೋರಿಗೆ ಗೊತ್ತಿರುತ್ತೆ, ರುದ್ರಟನ ಕಾವ್ಯಾಲಂಕಾರದಲ್ಲಿ, 9ನೇ ಶತಮಾನದ್ದು, ಕಾಯಿ ನಡೆಯೋ ದಾರೀಲಿ ಅಕ್ಷರ ಓದಿಸೋ ಪದ್ಯಗಳಿವೆ, ತುರಗಪದ, ರಥಪದ, ಗಜಪದ ಅಂತ. ಆ ಕಾಲದ ಓದುಗರಿಗೆ ಆನೆ ಹೆಂಗೆ ನಡೆಯುತ್ತೆ ಅನ್ನೋದು ಪದ್ಯ ಬಿಡಿಸೋ ಅಷ್ಟು ಗಟ್ಟಿಯಾಗಿ ಗೊತ್ತಿತ್ತು.

ಅದಕ್ಕೇ ಹೇಳ್ತಿರೋದು, ಹೆಸರಿಗೂ ನಡೆಗೂ ಸಂಬಂಧ ಇಲ್ಲ ಅಂತಲ್ಲ. ಸಂಬಂಧ ಇತ್ತು, ಆಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತಾ ಹೋಗ್ತಾ ಕಳಚಿಕೊಂಡಿದೆ.

ಬೆಳ್ಳಿಚುಕ್ಕಿ
@ಹಳೇಪುಟ ಅಯ್ಯೋ ಇದು ಎಷ್ಟು ಚೆನ್ನಾಗಿದೆ! ನಾಲ್ಕು ಕಾಲು ಒಂದು ಸೊಂಡಿಲು, ಕಾಯಿ ನೋಡಿದ್ರೇ ನಡೆ ಗೊತ್ತಾಗುತ್ತೆ. ಇದೇ ಬೇಕಾಗಿದ್ದಿದ್ದು ನನಗೆ.

ಮೂಲೆರಥ
ಕಥೆ ಚೆನ್ನಾಗಿದೆ ಒಪ್ತೀನಿ, ಆದ್ರೆ ಹತ್ತು ಮನೆ ಬೋರ್ಡಲ್ಲಿ ಒಂದೊಂದೇ ಮನೆ ನಡೆಯೋ ಆನೆ ಎದುರಾಳಿ ಕಡೆ ತಲುಪೋದ್ರಲ್ಲಿ ಆಟ ಮುಗಿದಿರುತ್ತೆ. ಹಿಂದಕ್ಕೆ ನೇರ ಬರೋಕೂ ಆಗಲ್ಲ.

ಹಳೇಪುಟ
ಎಲ್ಲಾ ಕಾಯೂ ಓಡ್ಬೇಕು ಅಂತ ಯಾರು ಹೇಳಿದ್ರು? ನಿಧಾನದ ಕಾಯಿ ರಾಜನ ಪಕ್ಕ ನಿಲ್ಲುತ್ತೆ, ಕಾಲಾಳುಗಳ ಹಿಂದೆ ಗೋಡೆ ಥರ ನಿಲ್ಲುತ್ತೆ. ಶೋಗಿ ಆಡೋರ್ನ ಕೇಳಿ, ಅವರ ಕೋಟೆಯೆಲ್ಲ ಇಂಥ ಒಂದೊಂದು ಹೆಜ್ಜೆ ಕಾಯಿಗಳಿಂದಾನೇ ಕಟ್ಟೋದು.

ಶೋಗಿಹುಚ್ಚು
ಕರೆದ್ರಿ, ಬಂದೆ. ಬೆಳ್ಳಿ ಇಲ್ಲದೆ ಶೋಗಿಯಲ್ಲಿ ಮುತ್ತಿಗೆನೂ ಇಲ್ಲ ಕೋಟೆನೂ ಇಲ್ಲ, @ಹಳೇಪುಟ ಹೇಳಿದ್ದು ನೂರಕ್ಕೆ ನೂರು ನಿಜ.

ಪ್ರಾಣಿ ಬೇಕು ಅಂದ್ರೆ ಮಾಮೂಲಿ ಶೋಗಿ ಬಿಟ್ಟು ಚೂ ಶೋಗಿಗೆ ಬನ್ನಿ. 12 ಇಂಟು 12 ಮನೆ, ಒಬ್ಬೊಬ್ಬರಿಗೆ 46 ಕಾಯಿ, ಒಂದು ಇಡೀ ಕಾಡೇ ಇದೆ ಅದರಲ್ಲಿ. ಕುಡಿದ ಆನೆ ಅಂತ ಒಂದು, ಎಲ್ಲಾ ಕಡೆ ಒಂದು ಮನೆ ನಡೆಯುತ್ತೆ, ನೇರ ಹಿಂದಕ್ಕೆ ಮಾತ್ರ ಆಗಲ್ಲ. ಕುರುಡು ಹುಲಿ ಅಂತ ಇನ್ನೊಂದು, ಅದಕ್ಕೆ ಎಲ್ಲಾ ಕಡೆ ಆಗುತ್ತೆ ನೇರ ಮುಂದಕ್ಕೆ ಮಾತ್ರ ಆಗಲ್ಲ, ಕಣ್ಣಿಲ್ಲವಲ್ಲ! ಇದಕ್ಕಿಂತ ಸುಲಭವಾಗಿ ನಡೆ ನೆನಪಿಡೋ ಹೆಸರು ಬೇಕಾ? ಕುಡಿದ ಆನೆ ಬಡ್ತಿ ಪಡೆದ್ರೆ ಯುವರಾಜ ಆಗುತ್ತೆ, ಆಮೇಲೆ ಎದುರಾಳಿ ಗೆಲ್ಬೇಕು ಅಂದ್ರೆ ರಾಜನ್ನೂ ಹಿಡೀಬೇಕು ಯುವರಾಜನ್ನೂ ಹಿಡೀಬೇಕು.

ಆಮೇಲೆ ಸಿಂಹ. ಒಂದು ಸರದಿಯಲ್ಲಿ ಎರಡು ಹೆಜ್ಜೆ, ರಾಜನ ಹೆಜ್ಜೆ ಥರ ಯಾವ ದಿಕ್ಕಿಗಾದ್ರೂ. ಮೊದಲ ಹೆಜ್ಜೇಲಿ ಒಂದು ಕಾಯಿ, ಎರಡನೇ ಹೆಜ್ಜೇಲಿ ಇನ್ನೊಂದು ಕಾಯಿ ಹೊಡೀಬಹುದು. ಪಕ್ಕದ ಕಾಯಿ ಹೊಡೆದು ವಾಪಸ್ ತನ್ನ ಮನೆಗೇ ಬರಬಹುದು, ಅಂದ್ರೆ ಕೂತಲ್ಲೇ ತಿಂದ ಹಾಗೆ. ಹಾರಿ ಹೋಗ್ಬಹುದು. ಸಿಂಹ ನಿಂತ ಜಾಗದ ಸುತ್ತ ಎರಡೆರಡು ಮನೆ, ಒಟ್ಟು 24 ಮನೆ, ಎಲ್ಲಾ ಅದರ ಕೈಲಿ. ಬೋರ್ಡ್ ಮೇಲೆ ಅದರ ಪಕ್ಕ ಕಾಯಿ ಇಡಕ್ಕೆ ಕೈ ನಡುಗುತ್ತೆ ನಿಜವಾಗ್ಲೂ.

ಸದ್ದಿಲ್ಲದಬೆಕ್ಕು
ಕುಡಿದ ಆನೆ ಅನ್ನೋ ಬದಲು ಮದ್ದಾನೆ ಅನ್ಬಹುದಲ್ವಾ? ನಮಗೆ ಕೇಳಿದ ತಕ್ಷಣ ಚಿತ್ರ ಕಣ್ಮುಂದೆ ಬರುತ್ತೆ. ಮದವೇರಿದ ಆನೆ ಹಿಂದೆ ತಿರುಗಲ್ಲ.

ಶೋಗಿಹುಚ್ಚು
ಜಪಾನಿ ಅಕ್ಷರದ ಅರ್ಥ ಅಮಲೇರಿದ ಆನೆ ಅಂತಾನೇ. ಆದ್ರೆ ಮದ್ದಾನೆ ತುಂಬಾ ಚೆನ್ನಾಗಿ ಕೂರುತ್ತೆ, ನಾನು ಇನ್ಮೇಲೆ ಹಂಗೇ ಕರೀತೀನಿ. ಈ ಮದ್ದಾನೆ ಒಂದು ಕಾಲದಲ್ಲಿ ಚಿಕ್ಕ ಶೋಗಿಯಲ್ಲೂ ಇತ್ತು, 16ನೇ ಶತಮಾನದಲ್ಲಿ ಗೋ ನಾರಾ ಚಕ್ರವರ್ತಿ ತೆಗೆಸಿದ ಅಂತ ಹೇಳ್ತಾರೆ. ಇಚಿಜೋದಾನಿ ಅನ್ನೋ ಕಡೆ ಅಸಾಕುರಾ ಮನೆತನದ ಹಾಳುಬಿದ್ದ ಊರನ್ನ ಅಗೆದಾಗ ಸಿಕ್ಕ ಕಾಯಿಗಳಲ್ಲಿ ಈ ಆನೆ ಕಾಯೂ ಇತ್ತು.

ಕಾಲಾಳು64
ಸಿಂಹ ಅಷ್ಟು ಜೋರಾಗಿದ್ರೆ ಇಬ್ಬರೂ ಮೊದಲು ಸಿಂಹ ಸಿಂಹ ಹೊಡೆದಾಡಿಸಿ ಮುಗಿಸಿಬಿಡಲ್ವಾ?

ಶೋಗಿಹುಚ್ಚು
ಆಗಲ್ಲ, ಅದನ್ನ ತಡೆಯೋಕೇ ಬೇರೆ ನಿಯಮ ಇದೆ. ಎದುರಾಳಿ ಸಿಂಹ ಪಕ್ಕದಲ್ಲಿಲ್ಲದೆ ಎರಡನೇ ಮನೇಲಿದ್ದು ಅದಕ್ಕೆ ಕಾವಲಿದ್ರೆ ಸಾಮಾನ್ಯವಾಗಿ ನಿಮ್ಮ ಸಿಂಹದಿಂದ ಅದನ್ನ ಹೊಡೆಯೋ ಹಾಗಿಲ್ಲ. ಆಟದ ಸೊಗಸೇ ಸಿಂಹ, ಅದು ಬೇಗ ಬೋರ್ಡ್ ಬಿಟ್ಟು ಹೋಗ್ಬಾರ್ದು ಅಂತ ಹಿಂದಿನವರು ಯೋಚ್ನೆ ಮಾಡಿ ಇಟ್ಟಿದಾರೆ. ಒಂದು ಪ್ರಾಣಿ ಉಳೀಲಿ ಅಂತ ನಿಯಮ ಬರೆದ ಆಟ ನನಗೆ ಬೇರೆ ಗೊತ್ತಿಲ್ಲ.

ತಡರಾತ್ರಿ_ಆಟ
ತೈಕ್ಯೋಕು ಶೋಗಿ ಅಂತ ಒಂದಿದೆಯಲ್ಲ, 36 ಇಂಟು 36, ಒಬ್ಬರಿಗೆ 402 ಕಾಯಿ. ಅದರಲ್ಲಿ ಎಷ್ಟು ಪ್ರಾಣಿ ಇರ್ಬಹುದು!

ಶೋಗಿಹುಚ್ಚು
ಅದು ಜೋಡಿಸೋದ್ರಲ್ಲೇ ಒಂದು ಹೊತ್ತು ಹೋಗುತ್ತೆ. ಮಗುಗೆ ಬೇಡ. ಮಗುಗೆ ಅಂದ್ರೆ ದೋಬುತ್ಸು ಶೋಗಿ, ದೋಬುತ್ಸು ಅಂದ್ರೇನೇ ಪ್ರಾಣಿ. 3 ಇಂಟು 4 ಮನೆ, ಒಬ್ಬೊಬ್ಬರಿಗೆ ನಾಲ್ಕೇ ಕಾಯಿ, ಸಿಂಹ, ಜಿರಾಫೆ, ಆನೆ, ಕೋಳಿಮರಿ. ಕಿಟಾವೋ ಮಡೋಕಾ ಅನ್ನೋ ವೃತ್ತಿಪರ ಆಟಗಾರ್ತಿ 2008ರಲ್ಲಿ ಮಾಡಿದ್ದು. ಜಿರಾಫೆ ನೇರಕ್ಕೆ ಒಂದು ಮನೆ, ಆನೆ ಓರೆಗೆ ಒಂದು ಮನೆ, ಮರಿ ಮುಂದಕ್ಕೆ ಮಾತ್ರ, ಆಚೆ ತುದಿ ಮುಟ್ಟಿದ್ರೆ ಕೋಳಿ ಆಗುತ್ತೆ. ಹೊಡೆದ ಕಾಯಿ ನಿಮ್ಮ ಕಡೆ ಸೇರುತ್ತೆ, ಮತ್ತೆ ಬೋರ್ಡಿಗೆ ಇಳಿಸ್ಬಹುದು. ಮುಖ್ಯ ಏನಂದ್ರೆ ಕಾಯಿ ಮೇಲೇ ಚುಕ್ಕೆ ಇರುತ್ತೆ, ಯಾವ ಕಡೆ ಹೋಗ್ಬಹುದೋ ಆ ಅಂಚಲ್ಲಿ ಒಂದು ಚುಕ್ಕೆ. @ಬೆಳ್ಳಿಚುಕ್ಕಿ ಈ ಉಪಾಯ ನೀವೂ ಮಾಡಿ.

ಗಣಿತಮೇಷ್ಟ್ರು
ಅದನ್ನ ಕಂಪ್ಯೂಟರ್ ಪೂರ್ತಿ ಬಿಡಿಸಿದೆ ಕೂಡ, 2009ರಲ್ಲಿ. ಇಬ್ಬರೂ ತಪ್ಪಿಲ್ಲದೆ ಆಡಿದ್ರೆ ಎರಡನೆಯದಾಗಿ ಆಡೋರು ಗೆಲ್ತಾರೆ. 12 ಮನೆ ಬೋರ್ಡಲ್ಲಿ ಬರಬಹುದಾದ ಸ್ಥಿತಿಗಳು 24 ಕೋಟಿಗೂ ಜಾಸ್ತಿ. ಮಕ್ಕಳಾಟ ಅಂತ ತಳ್ಳಿಹಾಕೋ ಹಾಗಿಲ್ಲ.

ನೀಲಿಕುದುರೆ
ಹಕ್ಕಿ ಇಷ್ಟ ಇರೋರಿಗೆ ತೋರಿ ಶೋಗಿ. 7 ಇಂಟು 7 ಮನೆ, ಒಬ್ಬರಿಗೆ 16 ಕಾಯಿ, ಎಲ್ಲಾ ಹಕ್ಕಿಗಳೇ. ರಾಜನ ಜಾಗದಲ್ಲಿ ಫೀನಿಕ್ಸ್, ಕಾಲಾಳು ಬದಲು ಅಂಬರಗುಬ್ಬಿ, ಡೇಗೆ ಬಡ್ತಿ ಪಡೆದ್ರೆ ಹದ್ದು. ಲಾವಕ್ಕಿಯಲ್ಲಿ ಎಡ ಲಾವಕ್ಕಿ ಬಲ ಲಾವಕ್ಕಿ ಅಂತ ಎರಡಿವೆ, ಒಂದರ ನಡೆ ಕನ್ನಡೀಲಿ ನೋಡಿದ್ರೆ ಇನ್ನೊಂದು.

ಮೂಲೆರಥ
ಇದೆಲ್ಲ ಶೋಗಿ ಆಯ್ತು. ಅವರು ಕೇಳಿದ್ದು ಚೆಸ್ ಕಾಯಿ ಜೊತೆ ಹಾಕೋ ಪ್ರಾಣಿ. ಸೈರವಾನ್ ಚೆಸ್ ಇದೆ, ಗ್ರ್ಯಾಂಡ್‌ಮಾಸ್ಟರ್ ಯಾಸರ್ ಸೈರವಾನ್ ಮತ್ತೆ ಬ್ರೂಸ್ ಹಾರ್ಪರ್ ಮಾಡಿದ್ದು. ಅದೇ 8 ಇಂಟು 8 ಬೋರ್ಡ್. ಗಿಡುಗ ಅಂತ ಒಂದು, ಬಿಷಪ್ (ನಮ್ಮ ಒಂಟೆ) ನಡೆ ಪ್ಲಸ್ ಕುದುರೆ ನಡೆ. ಆನೆ ಅಂತ ಒಂದು, ರೂಕ್ (ನಮ್ಮ ಮೂಲೆ ಆನೆ) ನಡೆ ಪ್ಲಸ್ ಕುದುರೆ ನಡೆ. ಎರಡೂ ಮೊದಲು ಬೋರ್ಡ್ ಹೊರಗಿರುತ್ತವೆ, ಹಿಂದಿನ ಸಾಲಿನ ಕಾಯಿ ಮೊದಲ ಸಲ ಕದಲಿದಾಗ ಆ ಖಾಲಿ ಮನೆಗೆ ಇಳಿಸ್ಬಹುದು.

ಹಳೇಪುಟ
ಇಗೋ ಇನ್ನೊಂದು ಆನೆ. ಲೆಕ್ಕ ಹಾಕಿದೀರಾ ಎಷ್ಟಾಯ್ತು ಅಂತ.

ಗಣಿತಮೇಷ್ಟ್ರು
@ಬೆಳ್ಳಿಚುಕ್ಕಿ ಹಾರೋ ಪ್ರಾಣಿಗಳ ಬಗ್ಗೆ ಒಂದು ಸಣ್ಣ ಲೆಕ್ಕ ಹೇಳ್ತೀನಿ, ಮಗುಗೂ ಹೇಳಿ, ಖುಷಿಪಡ್ತಾಳೆ. ಕುದುರೆ ಎರಡು-ಒಂದು. ಒಂಟೆ, ಅಂದ್ರೆ ಫೇರಿ ಚೆಸ್ ಒಂಟೆ, ಮೂರು-ಒಂದು. ಝೀಬ್ರಾ ಮೂರು-ಎರಡು. ಜಿರಾಫೆ ನಾಲ್ಕು-ಒಂದು. ಆಂಟೆಲೋಪ್, ಜಿಂಕೆ ಅನ್ಕೊಳ್ಳಿ, ನಾಲ್ಕು-ಮೂರು. ಎರಡು ಅಂಕಿ ಕೂಡಿಸಿ. ಬೆಸ ಬಂದ್ರೆ ಪ್ರತಿ ನಡೆಗೂ ಮನೆ ಬಣ್ಣ ಬದಲಾಗುತ್ತೆ, ಸಮ ಬಂದ್ರೆ ಜೀವನ ಪೂರ್ತಿ ಒಂದೇ ಬಣ್ಣ. ಕುದುರೆ ಮೂರು, ಬೆಸ, ಅದಕ್ಕೇ ಬಿಳಿ ಮನೆಯಿಂದ ಕಪ್ಪಿಗೆ ಹೋಗುತ್ತೆ. ಒಂಟೆ ನಾಲ್ಕು, ಸಮ, ಒಂದೇ ಬಣ್ಣ.

ಈಗ ನೋಡಿ, ನಾವು ಓರೆ ಹೋಗೋ ಬಿಷಪ್‌ಗೆ ಒಂಟೆ ಅಂತೀವಿ, ಅದೂ ಒಂದೇ ಬಣ್ಣದ ಕಾಯಿ. ಎಲ್ಲೋ ಬೇರೆ ದಾರೀಲಿ ಬಂದ ಫೇರಿ ಒಂಟೆನೂ ಒಂದೇ ಬಣ್ಣದ ಕಾಯಿ.

ಓರೆನಡೆ
ಇದು ಗಮನಿಸಿರ್ಲೇ ಇಲ್ಲ! ತೈಮೂರನ ಹೆಸರಿನ ದೊಡ್ಡ ಚೆಸ್‌ನಲ್ಲೂ ಒಂಟೆ ಮೂರು-ಒಂದೇ ಹಾರೋದು, ಅಂದ್ರೆ ಅದು ಈಗಿನವರ ಕಲ್ಪನೆ ಅಲ್ಲ, ಹಳೇದೇ. ಅಲ್ಲಿ ಒಂದೊಂದು ಕಾಯಿಗೂ ಅದರದ್ದೇ ಕಾಲಾಳು ಬೇರೆ, ಒಂಟೆಗೆ ಒಂಟೆ ಕಾಲಾಳು, ಜಿರಾಫೆಗೆ ಜಿರಾಫೆ ಕಾಲಾಳು.

ಕಾಲಾಳು64
ಮಿಡತೆ ಮರೆತ್ರಾ ಎಲ್ಲರೂ? ಟಿ. ಆರ್. ಡಾಸನ್ 1913ರಲ್ಲಿ ಮಾಡಿದ್ದು. ರಾಣಿ ಹೋಗೋ ದಿಕ್ಕಲ್ಲೇ ಹೋಗುತ್ತೆ, ಆದ್ರೆ ದಾರೀಲಿ ಯಾವುದಾದ್ರೂ ಕಾಯಿ ಸಿಗ್ಬೇಕು, ಅದರ ಮೇಲಿಂದ ಹಾರಿ ಸರಿಯಾಗಿ ಅದರ ಆಚೆ ಮನೆಗೇ ಬೀಳ್ಬೇಕು. ಹಾರಕ್ಕೆ ಯಾರೂ ಇಲ್ಲ ಅಂದ್ರೆ ಕದಲಕ್ಕೇ ಆಗಲ್ಲ. ಹೆಸರಿಗೂ ನಡೆಗೂ ಹೊಂದ್ಬೇಕು ಅಂದ್ರಲ್ಲ, ಇದಕ್ಕಿಂತ ಬೇಕಾ.

ಸದ್ದಿಲ್ಲದಬೆಕ್ಕು
ಲೋಕಸ್ಟ್ ಅಂತ ಇನ್ನೊಂದಿದೆ, ಅದಕ್ಕೂ ಕನ್ನಡದಲ್ಲಿ ಮಿಡತೆನೇ ಆಗುತ್ತೆ. ಅದು ಎದುರಾಳಿ ಕಾಯಿ ಮೇಲಿಂದ ಹಾರಿ, ಹಾರಿದ ಕಾಯಿಯನ್ನೇ ತಿನ್ನುತ್ತೆ. ತಿನ್ನಕ್ಕೆ ಇಲ್ಲಾಂದ್ರೆ ನಡೆನೇ ಇಲ್ಲ. ಬೆಳೆ ಮೇಲೆ ಬಿದ್ದು ಹಾದುಹೋದ ದಾರಿಯೆಲ್ಲ ಬರಿದು ಮಾಡೋ ಮಿಡತೆ ಅದು, ಎಷ್ಟು ಸರಿಯಾಗಿ ಹೆಸರಿಟ್ಟಿದಾರೆ. ಒಂದನ್ನ ಹುಲ್ಲುಮಿಡತೆ ಇನ್ನೊಂದನ್ನ ದಂಡುಮಿಡತೆ ಅಂದ್ರೆ ಹೆಂಗೆ?

ಕಾಲಾಳು64
ದಂಡುಮಿಡತೆ ಸೂಪರ್. ಮೇಲೆ ನಾನು ಹೆಸರು ಸುಮ್ನೆ ಗುರುತಿಗೆ ಅಂದಿದ್ದೆ, ಆ ಮಾತು ವಾಪಸ್ ತಗೋತೀನಿ. ಕೆಲವು ಕಾಯಿಗೆ ಹೆಸರೇ ಅರ್ಧ ನಿಯಮ.

ತಡರಾತ್ರಿ_ಆಟ
ಎಲ್ಲಾ ಕಡೆ ಹಂಗಿಲ್ಲ. ಅರಿಮಾ ಆಡಿದೀರಾ ಯಾರಾದ್ರೂ? ಒಮರ್ ಸೈಯದ್ ಮಾಡಿದ್ದು, ಮಾಮೂಲಿ ಚೆಸ್ ಸೆಟ್ಟಲ್ಲೇ ಆಡಬಹುದು. ಆನೆ, ಒಂಟೆ, ಕುದುರೆ, ನಾಯಿ, ಬೆಕ್ಕು, ಮೊಲ, ದೊಡ್ಡದು ಚಿಕ್ಕದನ್ನ ತಳ್ಳುತ್ತೆ, ಎಳೆಯುತ್ತೆ. ಇಲ್ಲಿ ಪ್ರಾಣಿ ಅಂದ್ರೆ ಬಲ, ದಿಕ್ಕಲ್ಲ. ಮೊಲಕ್ಕೆ ಮಾತ್ರ ಹಿಂದಕ್ಕೆ ಹೋಗಕ್ಕಾಗಲ್ಲ, ಅದು ಬಿಟ್ರೆ ಎಲ್ಲಾ ಪ್ರಾಣಿ ನಡೆಯೋದು ಒಂದೇ ಥರ. ಆದ್ರೆ ಚೆಸ್ ಸೆಟ್ಟಲ್ಲಿ ಆಡಿದ್ರೆ ರಾಜ ಆನೆ, ರಾಣಿ ಒಂಟೆ, ರೂಕ್ ಕುದುರೆ, ಮತ್ತೆ ನಮ್ಮ ಕುದುರೆ ಇದೆಯಲ್ಲ ಅದು ಬೆಕ್ಕು! ನಾನು ಪ್ರತಿ ಸಲ ಕುದುರೆ ಮುಖ ನೋಡಿ ಇದು ಬಲವಾದ ಕಾಯಿ ಅನ್ಕೊಂಡು ಮುಂದೆ ತಳ್ತಿದ್ದೆ, ಎದುರಾಳಿ ನಾಯಿ ಬಂದು ಅದನ್ನ ಎಳ್ಕೊಂಡು ಹೋಗಿ ಬೋನಿಗೆ ಹಾಕ್ತಿತ್ತು. ಕೊನೆಗೆ ಕಾಯಿಗಳ ತಲೆ ಮೇಲೆ ಕಾಗದದ ಚೀಟಿ ಅಂಟಿಸಿ ಆಡಿದ್ವಿ.

ಕಂಪ್ಯೂಟರಿಗೆ ಕಷ್ಟ ಆಗ್ಲಿ ಅಂತಾನೇ ಮಾಡಿದ ಆಟ ಅದು, 2015ರ ತನಕ ಅದರ ಸವಾಲಿನಲ್ಲಿ ಮನುಷ್ಯರೇ ಗೆಲ್ತಿದ್ರು.

ಮೂಲೆರಥ
ಬಲದ ಲೆಕ್ಕ ಅಂದ್ರೆ ಚೈನಾದ ಕಾಡಿನ ಆಟನೂ ಬರುತ್ತೆ. ಆನೆ ಎಲ್ಲಕ್ಕಿಂತ ದೊಡ್ಡದು, ಇಲಿ ಎಲ್ಲಕ್ಕಿಂತ ಚಿಕ್ಕದು, ಆದ್ರೆ ಇಲಿ ಆನೆಯನ್ನ ಹೊಡೆಯುತ್ತೆ. ಇಲಿ ನೀರಲ್ಲಿ ಈಜುತ್ತೆ, ಹುಲಿ ಸಿಂಹ ನೀರಿನ ಮೇಲಿಂದ ಆಚೆ ದಡಕ್ಕೆ ಹಾರುತ್ತೆ, ಮಧ್ಯೆ ನೀರಲ್ಲಿ ಇಲಿ ಇದ್ರೆ ಹಾರಕ್ಕಾಗಲ್ಲ.

ಓರೆನಡೆ
ಅದು ಚೆಸ್ ಅಲ್ಲ ಬಿಡಿ.

ಮೂಲೆರಥ
ಯಾಕಲ್ಲ? ಗುಹೆ ಇದೆ, ಅದಕ್ಕೆ ನುಗ್ಗಿದ್ರೆ ಗೆಲುವು, ಬೇರೆ ಬೇರೆ ಕಾಯಿಗೆ ಬೇರೆ ಬೇರೆ ಶಕ್ತಿ ಇದೆ.

ಓರೆನಡೆ
ರಾಜ ಎಲ್ಲಿ? ಚೆಕ್ ಎಲ್ಲಿ? ರಾಜ ಇಲ್ಲದಿದ್ರೆ ನನ್ನ ಪ್ರಕಾರ ಚೆಸ್ ಕುಟುಂಬ ಅಲ್ಲ, ಒಳ್ಳೆ ಆಟ ಇರ್ಬಹುದು.

ನೀಲಿಕುದುರೆ
ಇಬ್ಬರೂ ನಿಲ್ಸಿ, ಬೇರೆ ಚರ್ಚೆ ತೆಗೀರಿ ಅದಕ್ಕೆ.

ಹಳೇಪುಟ
@ಬೆಳ್ಳಿಚುಕ್ಕಿ ನಿಮ್ಮ ಇನ್ನೊಂದು ಸಮಸ್ಯೆ ಹಂಗೇ ಉಳೀತು, ಒಂಟೆ. ಗಣಿತಮೇಷ್ಟ್ರು ಹೇಳಿದ ಮೂರು-ಒಂದು ಒಂಟೆ ತಗೊಂಡ್ರೆ ಓರೆ ಓಡೋ ಕಾಯಿಗೆ ಹೆಸರು ಬೇಕಾಗುತ್ತೆ. ನನ್ನ ಸಲಹೆ ಮೊಸಳೆ. ಇದು ನನ್ನ ಸ್ವಂತದ್ದಲ್ಲ. ಈಗಿನ ಸ್ಪೇನಿನಲ್ಲಿರೋ ಕ್ಯಾಸ್ಟೀಲಿನ ರಾಜ ಹತ್ತನೇ ಆಲ್ಫೊನ್ಸೊ 1283ರಲ್ಲಿ ಬರೆಸಿದ ಆಟಗಳ ಪುಸ್ತಕದಲ್ಲಿ 12 ಇಂಟು 12 ಮನೆಯ ದೊಡ್ಡ ಚೆಸ್ ಇದೆ, ಅದರಲ್ಲಿ ಸಿಂಹ, ಜಿರಾಫೆ, ಮೊಸಳೆ, ಆನೆ ಎತ್ತೋವಷ್ಟು ದೊಡ್ಡ ಹಕ್ಕಿ ಎಲ್ಲ ಬರುತ್ತೆ. ಅಲ್ಲಿ ಮೊಸಳೆ ನಡೆ ಈಗಿನ ಬಿಷಪ್ ನಡೆನೇ, ಓರೆಯಾಗಿ ಎಷ್ಟು ದೂರ ಬೇಕಾದ್ರೂ. ಮಾಮೂಲಿ ಚೆಸ್‌ನಲ್ಲಿ ಆನೆ ಇನ್ನೂ ಎರಡೆರಡು ಮನೆ ಜಿಗೀತಿದ್ದ ಕಾಲದಲ್ಲಿ ಇಲ್ಲಿ ಮೊಸಳೆ ಈ ನಡೆ ನಡೀತಿತ್ತು. ಉದ್ದಕ್ಕೆ ಮಲಗಿರುತ್ತೆ, ದೂರದಿಂದ ಸರ್ರಂತ ಬಂದು ಹಿಡಿಯುತ್ತೆ. ಮಗು ಮರೆಯಲ್ಲ.

ಮೂಲೆ ಕಾಯಿಗೆ ರಥ ಅಂತಾನೇ ಕರೀರಿ, ಅದರ ಹಳೇ ಹೆಸರು ಅದಕ್ಕೆ ವಾಪಸ್ ಹೋಗ್ಲಿ.

ಸದ್ದಿಲ್ಲದಬೆಕ್ಕು
ಒಂಟಿಕೊಂಬಿನ ಕುದುರೆನೂ ಹಾಕಿ ಪ್ಲೀಸ್, ಯೂನಿಕಾರ್ನ್. ಮಕ್ಕಳಿಗೆ ಇಷ್ಟ ಆಗುತ್ತೆ.

ಗಣಿತಮೇಷ್ಟ್ರು
ಯೂನಿಕಾರ್ನ್ ಹೆಸರುವಾಸಿ ಆಗಿರೋದು ಫರ್ಡಿನಾಂಡ್ ಮಾಕ್ 1907ರಲ್ಲಿ ತಂದ ಮೂರು ಆಯಾಮದ ಚೆಸ್‌ನಲ್ಲಿ, ಐದು ಅಂತಸ್ತು, ಒಂದೊಂದು ಅಂತಸ್ತಲ್ಲಿ 25 ಮನೆ. ಅದು ಘನದ ಮೂಲೆಯಿಂದ ಮೂಲೆಗೆ ಹೋಗುತ್ತೆ, ಅಂದ್ರೆ ಒಂದೇ ಸಲ ಪಕ್ಕಕ್ಕೂ ಮುಂದಕ್ಕೂ ಮೇಲಕ್ಕೂ. 125 ಮನೇಲಿ ಒಂದೊಂದು ಯೂನಿಕಾರ್ನ್ ಮುಟ್ಟೋದು 30 ಮಾತ್ರ. ರಟ್ಟಿನ ಬೋರ್ಡಲ್ಲಿ ಆ ನಡೆ ಕೊಡಕ್ಕಾಗಲ್ಲ.

ಬೆಳ್ಳಿಚುಕ್ಕಿ
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ವಾರ ಪೂರ್ತಿ ಕೂತು ಮಾಡಿದ್ವಿ, ನಿನ್ನೆ ಮೊದಲ ಆಟ ಆಯ್ತು. ಜೋಡಣೆ ಹೇಳ್ತೀನಿ. ಹಿಂದಿನ ಸಾಲಲ್ಲಿ ಎಡದಿಂದ ರಥ, ಕುದುರೆ, ಮೊಸಳೆ, ಆನೆ, ಮಂತ್ರಿ, ರಾಜ, ಆನೆ, ಮೊಸಳೆ, ಕುದುರೆ, ರಥ. ಎರಡನೇ ಸಾಲಲ್ಲಿ ಎರಡೇ ಒಂಟೆ, ಎರಡು ಮೊಸಳೆಗಳ ಮುಂದೆ ಒಂದೊಂದು. ಕಾಲಾಳು ಮೂರನೇ ಸಾಲಲ್ಲಿ. ಒಂದು ಒಂಟೆ ಕಪ್ಪು ಮನೇಲಿ ಒಂದು ಬಿಳಿ ಮನೇಲಿ ಬರೋ ಹಾಗೆ ನೋಡ್ಕೊಂಡಿದೀನಿ, ಗಣಿತಮೇಷ್ಟ್ರ ಲೆಕ್ಕ ಅವಳಿಗೆ ಹೇಳಿದ್ದಕ್ಕೆ ಬೆರಳು ಮಡಚಿ ಮಡಚಿ ಜಿರಾಫೆದೂ ಝೀಬ್ರಾದೂ ಎಲ್ಲಾ ಲೆಕ್ಕ ಹಾಕಿದ್ಲು.

ಒಂದು ತಪ್ಪು ಮಾಡಿದೆ, ಆನೆ ಸೊಂಡಿಲನ್ನ ಮೊದಲು ಉದ್ದಕ್ಕೆ ಚಾಚಿದ ಹಾಗೆ ಮಾಡಿದ್ದೆ, ಒಣಗ್ತಾ ಎರಡರದ್ದು ಬುಡದಲ್ಲೇ ಸೀಳು ಬಿಟ್ಟು ಮುರೀತು. ಈಗ ಸೊಂಡಿಲನ್ನ ಕೆಳಗೆ ಇಳಿಬಿಟ್ಟು ತುದಿ ಮಾತ್ರ ಮುಂದಕ್ಕೆ ಬಾಗಿಸಿ ಪೀಠಕ್ಕೇ ಅಂಟಿಸಿದೀನಿ, ಗಟ್ಟಿಯಾಗಿದೆ, ಮುಂದೆ ಯಾವ ಕಡೆ ಅಂತಾನೂ ತಿಳಿಯುತ್ತೆ.

ಆಟದಲ್ಲಿ ಅವಳ ಆನೆ ನನ್ನ ಕುದುರೆಯನ್ನ ಹಿಡೀತು. ಆನೆ ಎತ್ತೋಕೆ ಮುಂಚೆ ಬೆರಳಿಟ್ಟು ಒಂದೊಂದು ಕಾಲು ಮುಟ್ಟಿ ಆ ಮೂಲೆ ಈ ಮೂಲೆ ಅಂತ ನೋಡಿದ್ಲು, ಕೊನೆಗೆ ಸೊಂಡಿಲು ಮುಟ್ಟಿ ನಕ್ಕಳು, ಎದುರು ಮನೇಲೇ ನನ್ನ ಕುದುರೆ ನಿಂತಿತ್ತು.

ಮೂಲೆರಥ
ನಿಧಾನ ಆಯ್ತಾ ಆನೆ?

ಬೆಳ್ಳಿಚುಕ್ಕಿ
@ಮೂಲೆರಥ ಆಯ್ತು, ನೀವು ಹೇಳಿದ್ದು ಸುಳ್ಳಲ್ಲ. ನನ್ನ ಆನೆಗಳು ಕಾಲಾಳು ಸಾಲು ದಾಟಲೇ ಇಲ್ಲ. ಆದ್ರೆ ಅವಳ ರಾಜನ ಹತ್ರ ಹೋಗಕ್ಕೂ ನನಗೆ ಆಗ್ಲಿಲ್ಲ, ಆನೆ ಕಾಲುಗಳ ಮಧ್ಯೆ ಸೇರ್ಕೊಂಡಿದ್ದ. ಒಂಟೆಗಳು ಮಾತ್ರ ಬೇಗ ಬೇಗ ಹೊಡೆದಾಡಿ ಹೋಗಿಬಿಟ್ವು.

ಶೋಗಿಹುಚ್ಚು
ಆನೆ ಆಚೆ ತುದಿ ಮುಟ್ಟಿದ್ರೆ ಮದ್ದಾನೆ ಆಗ್ಲಿ ಅಂತ ಒಂದು ನಿಯಮ ಸೇರಿಸಿ. ಮೊದಲಿದ್ದ ಐದು ದಿಕ್ಕಿಗೆ ಎಡ ಬಲ ಸೇರುತ್ತೆ, ಹಿಂದಕ್ಕೆ ನೇರ ಮಾತ್ರ ಇಲ್ಲ. ಆಗ ಮುಂದೆ ತಗೊಂಡು ಹೋಗಕ್ಕೆ ಒಂದು ಕಾರಣ ಇರುತ್ತೆ.

ಬೆಳ್ಳಿಚುಕ್ಕಿ
ಇದು ಅವಳಿಗೆ ಓದಿ ಹೇಳಿದೆ. ಮದ್ದಾನೆಗೆ ಬೇರೆ ಕಾಯಿ ಬೇಕಂತೆ, ಸೊಂಡಿಲು ಎತ್ತಿರೋದು. ಮತ್ತೆ ಮಣ್ಣು ಕಲಸಿಟ್ಟಿದೀವಿ, ಈ ಸಲ ಸೊಂಡಿಲೊಳಗೆ ಸಣ್ಣ ತಂತಿ ಇಟ್ಟು ನೋಡ್ತೀನಿ.